ಗಂಟು ಬಿಚ್ಚುವ ಕಾಜಲಕ್ಕ

ಬೆಳಗಿನ ಆರು ಗಂಟೆ. ದಾಂಡೇಲಿಯ ಅಂಬೇವಾಡಿಯಲ್ಲಿ ಹಾಲಿನವನ ಸೈಕಲ್ಲು ಬಿಟ್ಟರೆ ಬೀದಿಯಲ್ಲಿ ಇನ್ನೇನೂ ಸದ್ದಿಲ್ಲ. ಕಾಳಿ ನದಿಯಿಂದ ಎದ್ದ ಮಂಜು ರಸ್ತೆಯ ತಗ್ಗಿನಲ್ಲಿ ಕರಗದೆ ನಿಂತಿದೆ. ಸಾಲು ಅಂಗಡಿಗಳ ಪೈಕಿ ಒಂದರ ಶಟರು ಮಾತ್ರ ಮೇಲೆದ್ದಿದೆ. ಒಳಗೆ ಕಾಜಲ್ ಲಮಾಣಿ ಕಸ ಗುಡಿಸಿ, ಹೊಸ್ತಿಲಿಗೆ ನೀರು ಹಾಕಿ, ಕಂಪ್ಯೂಟರಿಗೆ ಹೊದಿಸಿದ್ದ ಹಳೆಯ ಟವೆಲ್ಲನ್ನು ತೆಗೆದು ಮಡಚಿಡುತ್ತಾರೆ. ಯಂತ್ರ ಎಚ್ಚರಗೊಳ್ಳುವವರೆಗೆ ಫ್ಲಾಸ್ಕಿನಿಂದ ಒಂದು ಲೋಟ ಚಹಾ.

ಪರದೆ ಬೆಳಗುತ್ತಲೇ ನಿನ್ನೆಯ ನದಿ ಅಂಗಡಿಯೊಳಗೆ ಬರುತ್ತದೆ. ಮಳೆಗಾಲ ಮುಗಿದು, ರಬ್ಬರು ದೋಣಿಯಲ್ಲಿ ನದಿಯ ಸೆಳವಿನಲ್ಲಿ ಸಾಗುವ ರಾಫ್ಟಿಂಗ್ ಈಗಷ್ಟೇ ಶುರುವಾಗಿದೆ. ದಂಡೆಯ ಬಂಡೆಗಳ ಮೇಲೆ ಕ್ಯಾಮೆರಾ ಹಿಡಿದು ನಿಲ್ಲುವ ಹುಡುಗರು ದಿನವಿಡೀ ತೆಗೆದ ಫೋಟೊಗಳನ್ನು ಸಂಜೆಗೆ ಕಳಿಸಿಬಿಡುತ್ತಾರೆ. ಒಂದೊಂದು ರಾಫ್ಟಿನ ಫೋಟೊಗಳನ್ನೆಲ್ಲ ಒಟ್ಟಾಗಿ ಕಟ್ಟಿದ ಒಂದೊಂದು ಝಿಪ್ ಫೈಲು. ಪ್ರವಾಸಿಗರು ಬೆಳಿಗ್ಗೆ ಎಂಟರ ಹೊತ್ತಿಗೆ ಊರು ಬಿಡುತ್ತಾರೆ. ಅಷ್ಟರೊಳಗೆ ಅವರವರ ಫೋಟೊ ಅವರವರ ಮೊಬೈಲಿಗೋ ಪೆನ್ ಡ್ರೈವಿಗೋ ಸೇರಬೇಕು.

ಕಾಜಲ್ ಫೈಲುಗಳನ್ನು ಒಂದೊಂದಾಗಿ ತೆರೆಯುವುದಿಲ್ಲ. ಅಷ್ಟನ್ನೂ ಒಟ್ಟಿಗೆ ಆರಿಸಿ, ಮೌಸಿನ ಬಲಗುಂಡಿ ಒತ್ತಿ, ಇಳಿದು ಬಂದ ಪಟ್ಟಿಯಲ್ಲಿ ಒಂದು ಸಾಲನ್ನು ಹುಡುಕಿ ಒತ್ತುತ್ತಾರೆ. ಹಸಿರು ಗೆರೆ ಎಡದಿಂದ ಬಲಕ್ಕೆ ಹರಿಯತೊಡಗುತ್ತದೆ. ಒಂದೊಂದು ಫೈಲಿಗೂ ಅದರದೇ ಹೆಸರಿನ ಫೋಲ್ಡರ್ ತಾನಾಗಿ ಹುಟ್ಟಿ, ಅದರೊಳಗೆ ಫೋಟೊಗಳು ತುಂಬಿಕೊಳ್ಳುತ್ತವೆ. ಅವರು ಚಹಾ ಮುಗಿಸಿ ಲೋಟ ತೊಳೆದು ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

“ಸಂತಿಗೆ ಹೋದವರು ಸಾಮಾನೆಲ್ಲಾ ಒಂದ ಗಂಟು ಕಟ್ಕೊಂಡು ಬರ್ತಾರಲ್ರಿ, ಹಂಗ ಇದು. ಕಟ್ಟಿದ್ರ ಹೊತ್ಕೊಂಡು ಬರಾಕ ಹಗುರ. ಮನಿಗೆ ಬಂದ ಮ್ಯಾಲೆ ಯಾರರ ಬಿಚ್ಚಬೇಕಲಾ. ಬಿಚ್ಚಾಕಿ ನಾನು,” ಎನ್ನುತ್ತಾರೆ ಅವರು.

ಏಳೂವರೆಗೆ ಹುಬ್ಬಳ್ಳಿಯ ಕುಟುಂಬವೊಂದು ಬರುತ್ತದೆ. ಎಲ್ಲರ ಕಣ್ಣೂ ತಮ್ಮ ಮನೆಯ ಅಜ್ಜಿಯ ಫೋಟೊದ ಮೇಲೆ. ಸುರುಳಿ ನೀರಿನಲ್ಲಿ ರಾಫ್ಟು ಮೂಗು ಎತ್ತಿದ ಕ್ಷಣಕ್ಕೆ ಅಜ್ಜಿ ಕಣ್ಣು ಮುಚ್ಚಿ, ಬಾಯಿ ಇಷ್ಟಗಲ ತೆರೆದು, ಪಕ್ಕದವನ ಕೂದಲನ್ನು ಎರಡೂ ಕೈಯಲ್ಲಿ ಹಿಡಿದಿದ್ದಾರೆ. ಆ ಪಕ್ಕದವನು ಯಾರೋ ಪುಣೆಯಿಂದ ಬಂದ ಅಪರಿಚಿತ. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಾ, ಅದೊಂದನ್ನು ಅಳಿಸಿಬಿಡವ್ವಾ ಎನ್ನುತ್ತಾರೆ. ಕಾಜಲ್ ಆಯಿತೆಂದು ತಲೆಯಾಡಿಸಿ, ಎಲ್ಲಕ್ಕಿಂತ ಮೊದಲು ಅದನ್ನೇ ಕಳಿಸುತ್ತಾರೆ.

ಈ ಅಂಗಡಿ ಕಾಜಲ್ ಅವರದಲ್ಲ. ಇದರ ಒಡತಿ ಶೈಲಾ, ಐವತ್ತು ದಾಟಿದ ಮಾತುಗಾರ್ತಿ. ಝೆರಾಕ್ಸ್, ಲ್ಯಾಮಿನೇಶನ್, ಫೋಟೊ ಪ್ರಿಂಟು, ಅರ್ಜಿ ತುಂಬುವುದು, ಎಲ್ಲ ಇಲ್ಲಿ ನಡೆಯುತ್ತದೆ. ಆದರೆ ಹಳಿಯಾಳದ ಮದುವೆ ಸ್ಟುಡಿಯೋದವರು, ಜೋಯಿಡಾದ ಹೋಂಸ್ಟೇಯವರು, ಬಂಗೂರನಗರದ ಕಾಲೇಜು ಹುಡುಗಿಯರು ಇಲ್ಲಿಗೇ ಹುಡುಕಿಕೊಂಡು ಬರುವುದು ಗಂಟು ಬಿಚ್ಚಿಸಿಕೊಳ್ಳಲು. ಮೊಬೈಲಿನಲ್ಲಿ ತೆರೆಯದ ಪಾಠದ ಫೈಲು, ಅರ್ಧಕ್ಕೆ ನಿಂತ ಮದುವೆ ಆಲ್ಬಮ್ಮು, ಒಂದರೊಳಗೆ ಇನ್ನೊಂದು ಸುತ್ತಿಟ್ಟ ಕಡತ. ಹಂಗಾಮಿನಲ್ಲಿ ದಿನಕ್ಕೆ ನೂರರ ಹತ್ತಿರ ಗಂಟುಗಳು ಕಾಜಲ್ ಅವರ ಕೈಯಲ್ಲಿ ಬಿಚ್ಚಿಕೊಳ್ಳುತ್ತವೆ. ಅವರಿಗಿಂತ ಹಿರಿಯರಾದ ಸ್ಟುಡಿಯೋದವರೂ ಕರೆಯುವುದು ಗಂಟು ಬಿಚ್ಚೋ ಕಾಜಲಕ್ಕ ಎಂದೇ. ವಯಸ್ಸು ಇನ್ನೂ ಮೂವತ್ತಾಗಿಲ್ಲ.

ಕಾಜಲ್ ಹುಟ್ಟಿದ್ದು ಮುಂಡಗೋಡ ತಾಲ್ಲೂಕಿನ ಒಂದು ಲಂಬಾಣಿ ತಾಂಡಾದಲ್ಲಿ. ತಂದೆ ಖೇಮಪ್ಪ, ತಾಯಿ ಗೀತಾಬಾಯಿ. ಮಳೆಗಾಲದಲ್ಲಿ ಇದ್ದ ಅಷ್ಟಿಷ್ಟು ಹೊಲದಲ್ಲಿ ಗೋವಿನಜೋಳ; ದೀಪಾವಳಿ ಮುಗಿದರೆ ತಾಂಡಾದ ಅರ್ಧ ಮನೆಗಳು ಬೀಗ ಹಾಕಿಕೊಂಡು ಕಬ್ಬು ಕಡಿಯಲು ಹೊರಡುತ್ತಿದ್ದವು. ಒಮ್ಮೆ ಹಳಿಯಾಳದ ಸುತ್ತಮುತ್ತ, ಒಮ್ಮೆ ಬೆಳಗಾವಿ ಕಡೆ. ಮಕ್ಕಳೂ ಜೊತೆಗೆ. ಯುಗಾದಿಯ ಹೊತ್ತಿಗೆ ಮರಳಿ ಬಂದರೆ ಶಾಲೆಯಲ್ಲಿ ಪಾಠವೆಲ್ಲ ಮುಗಿದು ಪರೀಕ್ಷೆ ನಡೆಯುತ್ತಿರುತ್ತಿತ್ತು.

ಕಷ್ಟವಾಗಲಿಲ್ಲವೇ ಎಂದರೆ ಕಾಜಲ್ ನಗುತ್ತಾರೆ. ಕಬ್ಬಿನ ಗದ್ದೆಯ ದಿನಗಳನ್ನು ಅವರು ನೆನೆಯುವುದು ಕಷ್ಟವೆಂದಲ್ಲ. ಗಾಡಿಯ ಮೇಲೆ ಕಬ್ಬಿನ ಹೊರೆ, ಹೊರೆಯ ಮೇಲೆ ತಾನು ಮತ್ತು ತಮ್ಮ ಮಾಲತೇಶ, ಕಾರ್ಖಾನೆಯ ದಾರಿಯುದ್ದಕ್ಕೂ ಅವ್ವನ ಹಾಡು. ಏಳನೆಯ ತರಗತಿಯ ನಂತರ ಹಳಿಯಾಳದ ಹಾಸ್ಟೆಲ್ಲಿಗೆ ಸೇರಿದ ಮೇಲೆಯೇ ಅವರಿಗೆ ಮೊದಲ ಸಲ ಒಂದು ಇಡೀ ವರ್ಷ ಶಾಲೆ ಸಿಕ್ಕಿದ್ದು. ಪಿಯುಸಿ ಮುಗಿಸಿ, ಕಂಪ್ಯೂಟರ್ ಕಲಿತು, ಗೂಡ್ಸ್ ಟೆಂಪೊ ಓಡಿಸುವ ಕುಬೇರನನ್ನು ಮದುವೆಯಾಗಿ ದಾಂಡೇಲಿಗೆ ಬಂದರು. ಶೈಲಾ ಅವರ ಅಂಗಡಿಗೆ ಝೆರಾಕ್ಸ್ ತೆಗೆಸಲು ಬಂದವರು, ಅವತ್ತು ಸಾಲಿನಲ್ಲಿ ನಿಂತ ಜನ ನೋಡಲಾರದೆ ಕೌಂಟರಿನ ಒಳಗೆ ಹೋಗಿ ಕೈ ಜೋಡಿಸಿದರಂತೆ. ಶೈಲಾ ಹೇಳುವ ಪ್ರಕಾರ, ಆಮೇಲೆ ಹೊರಗೆ ಬರಲೇ ಇಲ್ಲ.

ಅವರ ಬಗ್ಗೆ ಬರೆಯಬೇಕೆಂದು ನಾನು ಇಲ್ಲಿಗೆ ಬಂದದ್ದು ರಾಫ್ಟಿಂಗ್ ಫೋಟೊಗಳಿಗಾಗಿ ಅಲ್ಲ. ಈ ಮಳೆಗಾಲದಲ್ಲಿ ಹಳಿಯಾಳದಿಂದ ಬಂದ ಒಂದು ಹಾರ್ಡ್ ಡಿಸ್ಕಿಗಾಗಿ.

ಅದನ್ನು ತಂದವರು ಶೇಖಪ್ಪ, ಎಪ್ಪತ್ತರ ಹತ್ತಿರದ ಫೋಟೊಗ್ರಾಫರ್. ಈಗ ಕೈ ನಡುಗುತ್ತದೆಂದು ಕ್ಯಾಮೆರಾ ಬಿಟ್ಟಿದ್ದಾರೆ. ಆದರೆ ಹದಿನೈದು ವರ್ಷಕ್ಕೂ ಮೇಲ್ಪಟ್ಟು ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಕನ್ನಡ ಶಾಲೆಗಳ ಮಕ್ಕಳ ಗುಂಪು ಫೋಟೊ ತೆಗೆದವರು ಅವರೇ. ಪ್ರತಿ ವರ್ಷ ಜನವರಿ ಬಂತೆಂದರೆ ಬೈಕಿಗೆ ಸ್ಟ್ಯಾಂಡು ಕಟ್ಟಿಕೊಂಡು ಹೊರಡುತ್ತಿದ್ದರು. ಅಣಶಿ ಘಟ್ಟದ ಅಂಚಿನ ಹತ್ತು ಮಕ್ಕಳ ಶಾಲೆಯನ್ನೂ ಬಿಟ್ಟವರಲ್ಲ. ಮನೆಯಲ್ಲಿ ಕ್ಯಾಮೆರಾ ಮೊಬೈಲು ಎರಡೂ ಇಲ್ಲದ ಕಾಲದಲ್ಲಿ ಸಾವಿರಾರು ಮಕ್ಕಳ ಬಾಲ್ಯದ ಒಂದೇ ಒಂದು ಚಿತ್ರ ಅವರ ಕಂಪ್ಯೂಟರಿನಲ್ಲಿ ಉಳಿದಿತ್ತು. ಎಷ್ಟೋ ಮನೆಗಳವರು ಆಗ ಪ್ರಿಂಟು ತೆಗೆದುಕೊಂಡಿರಲೂ ಇಲ್ಲ.

ಜಾಗ ಉಳಿಯುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಶೇಖಪ್ಪ ಪ್ರತಿ ಶಾಲೆಯ ಪ್ರತಿ ವರ್ಷದ ಫೋಟೊಗಳನ್ನು ಒಂದೊಂದು ಝಿಪ್ ಫೈಲಾಗಿ ಕಟ್ಟಿಟ್ಟಿದ್ದರು. ಫೋಟೊಗಳು ಮೊದಲೇ ಒತ್ತಿ ಸಣ್ಣದಾಗಿರುತ್ತವೆ, ಕಟ್ಟಿದರೂ ಜಾಗ ಏನೂ ಉಳಿಯುವುದಿಲ್ಲ ಎಂಬುದು ಆಗ ಗೊತ್ತಿರಲಿಲ್ಲ. ಹೀಗೆ ಕಟ್ಟಿದ ನೂರಾರು ಗಂಟುಗಳು ಒಂದು ಹಾರ್ಡ್ ಡಿಸ್ಕಿನಲ್ಲಿ ಕೂತಿದ್ದವು. ಮೇ ತಿಂಗಳಲ್ಲಿ ಡಿಸ್ಕು ಕಟಕಟ ಎನ್ನತೊಡಗಿತು. ಹೆದರಿದ ಶೇಖಪ್ಪ ಅದನ್ನು ದೂರದ ಊರಿನ ಒಂದು ಕಂಪ್ಯೂಟರ್ ಅಂಗಡಿಗೆ ಒಯ್ದರು.

ಅಲ್ಲಿ ನಡೆದದ್ದು ಇಷ್ಟು. ಅಂಗಡಿಯವರು ಎಲ್ಲ ಫೈಲುಗಳನ್ನೂ ಒಟ್ಟಿಗೆ ಆರಿಸಿ ಒಂದೇ ಫೋಲ್ಡರಿಗೆ ಬಿಚ್ಚಿದರು. ಶೇಖಪ್ಪನವರ ಕ್ಯಾಮೆರಾ ಪ್ರತಿ ಸಲ ಕಾರ್ಡು ಖಾಲಿ ಮಾಡಿದಾಗಲೂ ಫೋಟೊಗಳಿಗೆ ಮೊದಲಿನಿಂದ ನಂಬರು ಕೊಡುತ್ತಿತ್ತು. ಹಾಗಾಗಿ ಎಲ್ಲ ಗಂಟುಗಳ ಒಳಗೂ ಅವೇ ಹೆಸರುಗಳು. ಎರಡನೆಯ ಗಂಟು ಬಿಚ್ಚುವಾಗಲೇ ಕಂಪ್ಯೂಟರು ಕೇಳಿತು, ಇದೇ ಹೆಸರಿನ ಫೋಟೊ ಮೊದಲೇ ಇದೆ, ಅದರ ಜಾಗದಲ್ಲಿ ಇದನ್ನು ಇಡಲೇ ಎಂದು. ಎಲ್ಲಕ್ಕೂ ಹೌದು ಎಂದು ಒತ್ತಿದರು. ಒಂದು ಶಾಲೆಯ ಮೇಲೆ ಇನ್ನೊಂದು ಶಾಲೆ ಕೂತು, ಕೊನೆಗೆ ಉಳಿದದ್ದು ಒಂದೇ ಫೋಲ್ಡರಿನಷ್ಟು ಫೋಟೊ. ಉಳಿದವೆಲ್ಲ ಹೋದವು ಎಂದು ಹೇಳಿ ಡಿಸ್ಕನ್ನು ಕೈಗೆ ಕೊಟ್ಟರು.

ಶೇಖಪ್ಪ ಡಿಸ್ಕು ಹಿಡಿದು ಮನೆಗೆ ಬಂದರು. ಗೋಡೆಗೆ ತೂಗುಹಾಕಿದ್ದ ಕ್ಯಾಮೆರಾ ಚೀಲವನ್ನು ತೆಗೆದು ಅಟ್ಟಕ್ಕೆ ಹಾಕಿದರು. ಊಟಕ್ಕೆ ಕೂತರೆ ಎರಡು ತುತ್ತು. ಹೆಂಡತಿ ಶಿವವ್ವ ಒಂದು ವಾರ ನೋಡಿದರು. ಆಮೇಲೆ ಮದುವೆ ಸ್ಟುಡಿಯೋದವರಿಂದ ಕಾಜಲ್ ಹೆಸರು ಕೇಳಿ, ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ, ಗಂಡನನ್ನು ಎಬ್ಬಿಸಿಕೊಂಡು ದಾಂಡೇಲಿ ಬಸ್ಸು ಹತ್ತಿದರು.

ಜೂನ್ ತಿಂಗಳ ಮಳೆ. ರಾಫ್ಟಿಂಗ್ ನಿಂತು ಅಂಗಡಿ ಖಾಲಿಯಿತ್ತು. ಶೇಖಪ್ಪ ಒದ್ದೆ ಕೊಡೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು; ಮಾತಾಡಿದ್ದೆಲ್ಲ ಶಿವವ್ವನೇ. ಕಾಜಲ್ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: ಗಂಟುಗಳನ್ನು ಯಾರಾದರೂ ಅಳಿಸಿದ್ದಾರೆಯೇ? ಇಲ್ಲ, ಬಿಚ್ಚಿದ್ದಷ್ಟೇ ಎಂದರು ಶೇಖಪ್ಪ.

“ಹಂಗಾರ ಒಂದೂ ಹೋಗಿಲ್ರಿ ಕಾಕಾ,” ಎಂದರು ಕಾಜಲ್. “ಗಂಟು ಬಿಚ್ಚಿದ್ರ ಒಳಗಿಂದು ಖಾಲಿ ಆಗೂದಿಲ್ಲ. ಅದರ ನಕಲು ಅಷ್ಟ ಹೊರಗ ಬರತೈತಿ. ಹೊರಗ ಬಂದದ್ದು ಒಂದರ ಮ್ಯಾಲೊಂದು ಬಿದ್ದೈತಿ, ಅಷ್ಟ. ಒಳಗಿಂದು ಒಳಗ ಐತಿ. ನೀವು ಕುಂದರ್ರಿ ಮೊದಲ.”

ಶೇಖಪ್ಪ ಆಗ ಕುಳಿತರಂತೆ. ಆ ಗಳಿಗೆಯನ್ನು ಶಿವವ್ವ ಇವತ್ತಿಗೂ ಮರೆತಿಲ್ಲ. ಕುಳಿತವರೇ ಚಹಾ ಕೇಳಿದರು, ಎಷ್ಟೋ ದಿನದ ಮೇಲೆ ತಾವಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು ಎನ್ನುತ್ತಾರೆ ಅವರು.

ಆದರೆ ಭಯ ಇನ್ನೂ ಇತ್ತು. ಡಿಸ್ಕು ಕಟಕಟ ಎನ್ನುವುದು ನಿಂತಿರಲಿಲ್ಲ, ಅದು ಯಾವಾಗ ಕೈ ಕೊಡುತ್ತದೋ ಹೇಳಲಾಗದು. ಅದರ ಮೇಲೆಯೇ ಬಿಚ್ಚಲು ಹೋದರೆ ಅದಕ್ಕೆ ಇನ್ನಷ್ಟು ದಣಿವು. ಕಾಜಲ್ ಮೊದಲು ಗಂಟುಗಳನ್ನು ಗಂಟಾಗಿಯೇ ಅಂಗಡಿಯ ಕಂಪ್ಯೂಟರಿಗೆ ಸಾಗಿಸತೊಡಗಿದರು. ಡಿಸ್ಕು ಬಿಸಿಯಾದಾಗ ನಕಲು ನಿಂತುಬಿಡುತ್ತಿತ್ತು. ಶೈಲಾ ಮನೆಯಿಂದ ಟೇಬಲ್ ಫ್ಯಾನು ತಂದು ಡಿಸ್ಕಿನ ಮುಂದಿಟ್ಟರು. ಸ್ವಲ್ಪ ಓಡಿಸಿ, ಆರಲು ಬಿಟ್ಟು, ಮತ್ತೆ ಓಡಿಸಿ, ಹೀಗೆ ಆ ಇಡೀ ದಿನ. ಗಿರಾಕಿ ಯಾರಾದರೂ ಬಂದು ಫ್ಯಾನು ತಮ್ಮ ಕಡೆ ತಿರುಗಿಸಿಕೊಂಡರೆ ಶೈಲಾ ಬೈದು ಮತ್ತೆ ಡಿಸ್ಕಿನ ಕಡೆ ತಿರುಗಿಸುತ್ತಿದ್ದರು. ಸಂಜೆ ಹಳಿಯಾಳದ ಬಸ್ಸಿಗೆ ಮೊದಲು ಕೊನೆಯ ಗಂಟು ಈಚೆ ಬಂತು. ಡಿಸ್ಕು ಮರುದಿನ ತಿರುಗಲೇ ಇಲ್ಲ.

ಮರುದಿನ ಬೆಳಿಗ್ಗೆ ಶೇಖಪ್ಪ ದಂಪತಿ ಮತ್ತೆ ಬಂದರು. ಕಾಜಲ್ ಎಲ್ಲ ಫೈಲುಗಳನ್ನೂ ಆರಿಸಿಕೊಂಡು, ಪ್ರತಿ ಗಂಟನ್ನೂ ಅದರದೇ ಫೋಲ್ಡರಿಗೆ ಬಿಚ್ಚುವ ಆ ಒಂದು ಸಾಲನ್ನು ಒತ್ತಿದರು. ಹಸಿರು ಗೆರೆ ಓಡಿತು. ಪರದೆಯ ಮೇಲೆ ಹಳದಿ ಫೋಲ್ಡರುಗಳು ಒಂದರ ಪಕ್ಕ ಒಂದು ಮೂಡುತ್ತಾ, ಒಂದು ಸಾಲು ತುಂಬಿ ಇನ್ನೊಂದು ಸಾಲು, ಅದೂ ತುಂಬಿ ಮತ್ತೊಂದು. ಕಾಜಲ್ ಮಧ್ಯದ ಯಾವುದೋ ಒಂದನ್ನು ತೆರೆದರು. ನಾಲ್ಕು ಸಾಲು ಮಕ್ಕಳು, ಮೇಲೆ ಹಂಚಿನ ಮಾಡು, ಹಿಂದೆ ಒಂದು ಎಮ್ಮೆ.

ಶೇಖಪ್ಪ ಪರದೆಗೆ ಮೂಗು ತಾಗುವಷ್ಟು ಬಾಗಿದರು. “ಈ ಎಮ್ಮಿ ನೋಡ ಯವ್ವಾ. ಎಷ್ಟ ಓಡಿಸಿದ್ರೂ ಹೋಗಲಿಲ್ಲ ಅವತ್ತ. ಆತು, ನೀನೂ ನಿಂದ್ರು ಅಂದೆ.” ಹಾಗೆಂದವರು ನಗಲು ಹೋಗಿ ಅತ್ತರು. ಶಿವವ್ವ ಅವರ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತರು. ಶೈಲಾ ಕೂಡ ಆ ಹೊತ್ತಿಗೆ ಏನೂ ಮಾತಾಡಲಿಲ್ಲ, ಅದೇ ದೊಡ್ಡ ಸಂಗತಿ ಎನ್ನುತ್ತಾರೆ ಕಾಜಲ್.

ಒಂದು ತೊಡಕು ಉಳಿದಿತ್ತು. ಶೇಖಪ್ಪ ಫೈಲುಗಳಿಗೆ ಆ ಕಾಲದ ಕಂಪ್ಯೂಟರಿನ ಹಳೆಯ ಕನ್ನಡ ಫಾಂಟಿನಲ್ಲಿ ಶಾಲೆಯ ಹೆಸರಿಟ್ಟಿದ್ದರು. ಹೊಸ ಕಂಪ್ಯೂಟರಿನಲ್ಲಿ ಅವೆಲ್ಲ ಚುಕ್ಕಿ, ಗೆರೆ, ಪ್ರಶ್ನೆ ಚಿಹ್ನೆಗಳಾಗಿ ಕಾಣುತ್ತಿದ್ದವು. ಯಾವ ಫೋಲ್ಡರು ಯಾವ ಶಾಲೆಯದು ಗೊತ್ತಾಗದು. ಅದಕ್ಕೆ ಉತ್ತರ ಫೋಟೊದೊಳಗೇ ಇತ್ತು. ಪ್ರತಿ ಚಿತ್ರದಲ್ಲೂ ಮುಂದಿನ ಸಾಲಿನ ನಡುವೆ ಕೂತ ಒಂದು ಮಗು ಪಾಟಿ ಹಿಡಿದಿರುತ್ತಿತ್ತು. ಪಾಟಿಯ ಮೇಲೆ ಬಳಪದಲ್ಲಿ ಊರು, ತರಗತಿ, ಇಸವಿ. ಕೆಲವು ಕಡೆ ಬಿಸಿಲಿಗೆ ಪಾಟಿ ಬೆಳ್ಳಗೆ ಹೊಳೆದು ಅಕ್ಷರ ಕಾಣುತ್ತಿರಲಿಲ್ಲ, ಒಂದು ಕಡೆ ಮಗು ಪಾಟಿಯನ್ನು ತಲೆಕೆಳಗೆ ಹಿಡಿದಿತ್ತು. ಅಂಥ ಕಡೆ ಶೇಖಪ್ಪನವರ ನೆನಪೇ ಗತಿ. ಮರ ನೋಡಿ, ಕಟ್ಟೆ ನೋಡಿ, ಮಾಸ್ತರರ ಮೀಸೆ ನೋಡಿ ಅವರು ಊರು ಹೇಳುತ್ತಿದ್ದರು. ಆಷಾಢ, ಶ್ರಾವಣ ಎರಡೂ ತಿಂಗಳು ಶೇಖಪ್ಪ ಹಳಿಯಾಳದಿಂದ ಬಸ್ಸಿನಲ್ಲಿ ಬಂದು ಕಾಜಲ್ ಪಕ್ಕದ ಸ್ಟೂಲಿನ ಮೇಲೆ ಕೂತರು. ಅವರು ಹೇಳಿದ್ದನ್ನು ಇವರು ಫೋಲ್ಡರಿಗೆ ಹೆಸರಾಗಿ ಟೈಪು ಮಾಡಿದರು. ಏಳೆಂಟು ಗಂಟುಗಳು ಮಾತ್ರ ಹಾಳಾಗಿ ಬಿಚ್ಚಲಾಗಲಿಲ್ಲ. ಅವುಗಳನ್ನು ಕಾಜಲ್ ಅಳಿಸಿಲ್ಲ, ಬಿಡುವಾದಾಗ ಇವತ್ತಿಗೂ ಬೇರೆ ಬೇರೆ ದಾರಿಯಲ್ಲಿ ಪ್ರಯತ್ನಿಸುತ್ತಿದ್ದಾರೆ.

ಫೇಸ್‌ಬುಕ್ಕಿಗೆ ಹಾಕಿಬಿಡಿ, ಜನ ತಾವೇ ಹುಡುಕಿಕೊಳ್ಳುತ್ತಾರೆ ಎಂದು ಅಂಗಡಿಗೆ ಬಂದವರು ಹೇಳಿದರು. ಕಾಜಲ್ ಒಪ್ಪಲಿಲ್ಲ. ಮಕ್ಕಳ ಮುಖ, ಮೊದಲು ಅವರ ಊರಿಗೆ ಹೋಗಲಿ, ಆಮೇಲೆ ಅವರಿಗೆ ಬೇಕಾದದ್ದು ಮಾಡಿಕೊಳ್ಳಲಿ ಎಂದರು. ಶೇಖಪ್ಪನವರಿಗೂ ಅದೇ ಸರಿ ಎನಿಸಿತು.

ಮೊದಲು ಹೋದದ್ದು ಜೋಯಿಡಾ ತಾಲ್ಲೂಕಿನ, ಅಣಶಿಯಿಂದ ಇನ್ನೂ ಒಳಗಿನ ಒಂದು ಊರಿಗೆ. ಅಲ್ಲಿನ ಶಾಲೆಯ ಮಾಸ್ತರು ಮೌನೇಶ ರಾಯಚೂರು ಕಡೆಯವರು. ಸುದ್ದಿ ಕೇಳಿ ತಾವೇ ಫೋನು ಮಾಡಿ, ಸ್ವಾತಂತ್ರ್ಯ ದಿನಕ್ಕೆ ಬನ್ನಿ ಎಂದಿದ್ದರು. ಕುಬೇರನ ಟೆಂಪೊದಲ್ಲಿ ಫೋಟೊ ಪ್ರಿಂಟುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಕಾಜಲ್, ಶೈಲಾ, ಶೇಖಪ್ಪ ಹೊರಟರು. ದಾರಿಯುದ್ದಕ್ಕೂ ಮಳೆ. ಧ್ವಜ ಹಾರಿಸಿ ಮುಗಿಸಿದ ಮೇಲೆ ಎಲ್ಲರೂ ತರಗತಿಯ ಒಳಗೆ ಬಂದರು. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ, ಶೈಲಾ ಮನೆಯಿಂದ ತಂದ ಬಟ್ಟೆ ಕ್ಲಿಪ್ಪಿನಲ್ಲಿ ವರ್ಷವಾರು ಫೋಟೊಗಳನ್ನು ತೂಗುಹಾಕಿದರು.

ಊರಿನವರು ಬರತೊಡಗಿದರು. ಬಾಗಿಲಲ್ಲಿ ಕೊಡೆ ಮಡಚಿಟ್ಟು ಒಬ್ಬೊಬ್ಬರೇ ಒಳಬಂದು, ಹಗ್ಗದುದ್ದಕ್ಕೂ ತಲೆಯೆತ್ತಿ ನಡೆದರು. ಆಮೇಲೆ ಮೂಲೆಯಿಂದ ಒಂದು ನಗು ಬಂತು. ಆ ಶಾಲೆಯಲ್ಲೇ ಬಿಸಿಯೂಟದ ಅಡುಗೆ ಮಾಡುವ ಜ್ಯೋತಿಯ ನಗು. ಐದನೆಯ ತರಗತಿಯ ಫೋಟೊದಲ್ಲಿ ನಡುವೆ ಪಾಟಿ ಹಿಡಿದು ಕೂತವಳು ಅವಳೇ. ಹಿಂದಿನ ಸಾಲಿನ ತುದಿಯಲ್ಲಿ, ಎಲ್ಲರಿಗಿಂತ ಎತ್ತರವಾಗಿ, ಎದೆ ಮುಂದೆ ಮಾಡಿ ನಿಂತವನು ಈಗ ಅವಳ ಗಂಡ. ಶಾಲೆಯಲ್ಲಿ ತಾನೇ ಎಲ್ಲರಿಗಿಂತ ಎತ್ತರವಿದ್ದೆ ಎಂದು ಮದುವೆಯಾದಂದಿನಿಂದ ಹೇಳಿಕೊಂಡು ಬಂದವನು. ಶೇಖಪ್ಪನವರ ಕ್ಯಾಮೆರಾ ಅವನ ಕಾಲಿನ ಕೆಳಗಿನ ಕಲ್ಲನ್ನೂ ಬಿಟ್ಟಿರಲಿಲ್ಲ. ಜ್ಯೋತಿ ಆ ಕಲ್ಲಿನ ಮೇಲೆ ಬೆರಳಿಟ್ಟು ಕೊಂಕಣಿಯಲ್ಲಿ ಊರಿಗೆಲ್ಲ ಕೇಳುವಂತೆ ಏನೋ ಹೇಳಿದಳು. ಇಡೀ ತರಗತಿ ನಕ್ಕಿತು. ಮೌನೇಶ ಮಾಸ್ತರು ಅದನ್ನು ಕನ್ನಡಕ್ಕೆ ತಿರುಗಿಸಲು ಹೋಗಿ ತಾವೂ ನಕ್ಕು ಅರ್ಧಕ್ಕೆ ನಿಲ್ಲಿಸಿದರು. ಗಂಡ ಮಾತ್ರ ಫೋಟೊವನ್ನು ಹಗ್ಗದಿಂದ ಬಿಡಿಸಿಕೊಂಡು, ಅಂಗಿಯೊಳಗೆ ಹಾಕಿಕೊಂಡು, ಮಳೆಯಲ್ಲಿ ಮನೆಯ ಕಡೆ ನಡೆದೇಬಿಟ್ಟ.

ಅದಾದ ಮೇಲೆ ಫೋನು ನಿಲ್ಲಲಿಲ್ಲ. ಹಳಿಯಾಳದ ಹಳ್ಳಿಯೊಂದರಲ್ಲಿ ಹಳೆಯ ವಿದ್ಯಾರ್ಥಿಗಳು ಅದೇ ಸಾಲುಗಳಲ್ಲಿ, ಅದೇ ಜಾಗದಲ್ಲಿ ನಿಂತು ಇನ್ನೊಮ್ಮೆ ಫೋಟೊ ತೆಗೆಸಿಕೊಂಡರು. ಮುಂದಿನ ಸಾಲಿನವರಿಗೆ ಈಗ ನೆಲದ ಮೇಲೆ ಚಕ್ಕಳಮಕ್ಕಳ ಹಾಕಲು ಬರುತ್ತಿರಲಿಲ್ಲ. ಮುಂಡಗೋಡದ ಬಸ್ ಕಂಡಕ್ಟರೊಬ್ಬರು ತಮ್ಮ ಎರಡನೆಯ ತರಗತಿಯ ಫೋಟೊವನ್ನು ಟಿಕೆಟ್ ಚೀಲದಲ್ಲಿ ಇಟ್ಟುಕೊಂಡು ಪ್ರಯಾಣಿಕರಿಗೆಲ್ಲ ತೋರಿಸುತ್ತಾರಂತೆ, ಇದರಲ್ಲಿ ನಾನು ಯಾರು ಹೇಳಿ ಎಂದು.

ಇಷ್ಟರ ನಡುವೆ ಕಾಜಲ್ ತಮ್ಮ ತಾಂಡಾದ ಶಾಲೆಯ ಫೋಲ್ಡರುಗಳನ್ನು ತೆರೆದಿದ್ದು ತೀರಾ ಕೊನೆಗೆ. ಯಾಕೆ ಎಂದು ಕೇಳಿದೆ. ಅಂಗಡಿಯಲ್ಲಿ ಯಾರೂ ಇಲ್ಲದಾಗ ನೋಡಬೇಕೆಂದಿತ್ತು ಎಂದಷ್ಟೇ ಹೇಳಿದರು. ತಾವು ಓದಿದ ವರ್ಷಗಳ ಫೋಟೊಗಳನ್ನು ಪರದೆಯ ಮೇಲೆ ಒಂದರ ಪಕ್ಕ ಒಂದು ಜೋಡಿಸಿ, ಒಂದೊಂದು ಮುಖವನ್ನೂ ದೊಡ್ಡದು ಮಾಡಿ ನೋಡಿದರು. ಅವರು ಯಾವುದರಲ್ಲೂ ಇರಲಿಲ್ಲ. ತಮ್ಮ ಮಾಲತೇಶನೂ ಇರಲಿಲ್ಲ. ನೆರೆಮನೆಯ ಗೆಳತಿಯರೂ ಇರಲಿಲ್ಲ. ಪಕ್ಕದ ಊರಿನ ಶಾಲೆಗಳಲ್ಲಿ ಮಕ್ಕಳು ಭುಜಕ್ಕೆ ಭುಜ ತಾಗಿಸಿ ನಿಂತಿದ್ದರೆ, ತಾಂಡಾದ ಫೋಟೊಗಳಲ್ಲಿ ಪ್ರತಿ ವರ್ಷವೂ ಬೆಂಚಿನ ಅರ್ಧ ಖಾಲಿ. ಗುಂಪು ಫೋಟೊ ತೆಗೆಯುವುದು ಜನವರಿ, ಫೆಬ್ರುವರಿಯಲ್ಲಿ. ಆ ಹೊತ್ತಿಗೆ ತಾಂಡಾದ ಮಕ್ಕಳು ಕಬ್ಬಿನ ಗದ್ದೆಯಲ್ಲಿ.

“ಒಂದೊಂದ ಫೋಟೊ ನೋಡಿದ್ರ ಗೊತ್ತಾಗೂದಿಲ್ರಿ. ಆ ವರ್ಷ ಹುಡುಗುರು ಕಡಿಮಿ ಇದ್ರು ಅನಸ್ತೈತಿ ಅಷ್ಟ. ಎಲ್ಲಾ ಒಮ್ಮೆ ಬಿಚ್ಚಿ ಬಾಜೂಕ ಬಾಜೂಕ ಇಟ್ಟೆ ನೋಡ್ರಿ, ಆವಾಗ ಕಾಣಿಸ್ತು.”

ಆ ಫೋಟೊಗಳನ್ನೂ ಪ್ರಿಂಟು ಹಾಕಿಕೊಂಡು ಕಾಜಲ್ ಊರಿಗೆ ಹೋದರು. ಚಿತ್ರದಲ್ಲಿ ಇದ್ದವರಿಗೆ ಅವರವರ ಫೋಟೊ ಕೊಟ್ಟು, ಸಂಜೆ ತಾಯಿಯ ಮುಂದೆ ಒಂದನ್ನು ಹಿಡಿದು, ಯಾಡಿ, ನಾನು ಇರಬೇಕಾದ ಜಾಗ ಇದು ಎಂದು ಖಾಲಿ ಬೆಂಚನ್ನು ತೋರಿಸಿದರು. ಯಾಡಿ ಎಂದರೆ ಅವರ ಮಾತಿನಲ್ಲಿ ಅವ್ವ. ಗೀತಾಬಾಯಿ ಫೋಟೊವನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಲಂಬಾಣಿಯಲ್ಲಿ ಮೆಲ್ಲಗೆ ಹೇಳಿದರು, ನೀನು ಅಲ್ಲಿ ಇರಲಿಲ್ಲ ಮಗಳೇ, ನನ್ನ ಜೊತೆ ಇದ್ದೆ.

ಅದನ್ನು ಹೇಳುವಾಗ ಕಾಜಲ್ ಮುಖದಲ್ಲಿ ದುಃಖವೇನೂ ಕಾಣುವುದಿಲ್ಲ. ಆ ಮಾತು ಕೇಳಿದ ಮೇಲೆ ಫೋಟೊದಲ್ಲಿ ಇಲ್ಲದ್ದು ದೊಡ್ಡದೆನಿಸಲಿಲ್ಲವಂತೆ. ಅಂದು ಅವ್ವನ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿದರಂತೆ, ಗದ್ದೆಯ ಗುಡಿಸಲಿನಲ್ಲಿ ಮಲಗುತ್ತಿದ್ದ ಹಾಗೆ. ಆದರೆ ಮರಳಿ ಬಂದವರು ಶೇಖಪ್ಪನವರಿಗೆ ವಿಷಯ ತಿಳಿಸದೆ ಇರಲಿಲ್ಲ.

ಶೇಖಪ್ಪ ತಾಂಡಾದ ಫೋಟೊಗಳನ್ನು ಮತ್ತೆ ತೆರೆಸಿ ನೋಡಿದರು. ಪರೀಕ್ಷೆಗೆ ಮುಂಚೆ, ಬೀಳ್ಕೊಡುಗೆಯ ಹೊತ್ತಿಗೆ ಎಲ್ಲ ಶಾಲೆಯವರೂ ಕರೆಯುತ್ತಿದ್ದರು, ತಾವೂ ಹೋಗುತ್ತಿದ್ದರು. ಆ ಬೆಂಚು ಯಾಕೆ ಖಾಲಿ ಎಂದು ಕೇಳಬೇಕೆನ್ನುವುದು ಯಾರಿಗೂ ಹೊಳೆದಿರಲಿಲ್ಲ. ಮರುವಾರ ಅವರೇ ಶಿವವ್ವನನ್ನು ಕರೆದುಕೊಂಡು ತಾಂಡಾದ ಶಾಲೆಗೆ ಹೋದರು. ಮುಖ್ಯೋಪಾಧ್ಯಾಯಿನಿ ನಿರ್ಮಲಾ ಅವರೊಂದಿಗೆ ಕೂತು ಮಾತಾಡಿ ಬಂದರು. ಈಗ ಮೊದಲಿನಷ್ಟು ಮನೆಗಳು ಕಬ್ಬಿಗೆ ಹೋಗುವುದಿಲ್ಲ, ಆದರೂ ಹೋಗುವವರು ಇದ್ದಾರೆ ಎಂದರಂತೆ ನಿರ್ಮಲಾ. ಈ ವರ್ಷ ಗುಂಪು ಫೋಟೊ ಜನವರಿಗೆ ಅಲ್ಲ, ದಸರಾ ರಜೆ ಮುಗಿದ ವಾರದಲ್ಲೇ, ಯಾರೂ ಊರು ಬಿಡುವ ಮೊದಲೇ ತೆಗೆಯುವುದೆಂದು ತೀರ್ಮಾನವಾಯಿತು. ಮನೆಗಳಿಗೆಲ್ಲ ಹೇಳಿಕಳಿಸಿದ್ದಾರೆ. ಶೇಖಪ್ಪ ಅಟ್ಟದಿಂದ ಚೀಲ ಇಳಿಸಿ, ಕ್ಯಾಮೆರಾ ಒರೆಸಿ ಇಟ್ಟುಕೊಂಡಿದ್ದಾರೆ. ಕೈ ನಡುಗಿದರೇನು, ಸ್ಟ್ಯಾಂಡು ನಡುಗುವುದಿಲ್ಲವಲ್ಲ ಎನ್ನುತ್ತಾರೆ.

ಆ ವಾರ ಇದೇ ಸೋಮವಾರದಿಂದ ಶುರು. ಅವತ್ತು ಊರಿಗೆ ಹೋಗಲು ಶೈಲಾ ರಜೆ ಕೊಟ್ಟರೂ ಕಾಜಲ್ ಹೋಗುತ್ತಿಲ್ಲ. ರಾಫ್ಟಿಂಗ್ ಹಂಗಾಮು, ಬೆಳಿಗ್ಗೆ ಆರಕ್ಕೆ ಶಟರು ಏಳಬೇಕು, ಊರು ಬಿಡುವವರಿಗೆ ಫೋಟೊ ಕೈಗೆ ಸಿಗಬೇಕು. ನೀವೂ ಒಮ್ಮೆ ಆ ಬೆಂಚಿನ ಮೇಲೆ ಕೂತು ತೆಗೆಸಿಕೊಳ್ಳಬಹುದಲ್ಲ ಎಂದೆ. ಅವರು ಬೇಡವೆಂದು ತಲೆಯಲ್ಲಾಡಿಸಿದರು. ಅಷ್ಟರಲ್ಲಿ ಬಾಗಿಲಿಗೆ ಇನ್ನೊಂದು ಗುಂಪು ಬಂತು. ಬಂದವರಿಗೆ ಕೂರಲು ಹೇಳಿ, ಕಾಜಲ್ ಪರದೆಯ ಕಡೆ ತಿರುಗಿಕೊಂಡೇ ಉತ್ತರ ಕೊಟ್ಟರು.

“ನಾ ಯಾಕ್ರಿ? ಅದು ಹುಡುಗುರ ಜಾಗಾ. ಕಾಕಾ ಫೋಟೊ ತಗದು ಇಲ್ಲಿ ಕಳಸಿದ್ರ ಸಾಕು ನನಗ. ಬಿಚ್ಚಿ ನೋಡ್ತೇನಿ, ಬೆಂಚ ತುಂಬೇತಿಲ್ಲೋ ಅಂತ.”